ಕಾಸ್ಟಿಂಗ್ ಲೆಕ್ಕವೂ ಅಪ್ಪನ ಲೇತೂ

ಪ್ರಶ್ನೆ: ಮೇಡಂ, ನನಗೆ ಇಪ್ಪತ್ತು ವರ್ಷ. ಮನೆ ಬೆಂಗಳೂರಿನ ಕಾಮಾಕ್ಷಿಪಾಳ್ಯ. ವಿಜಯನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಉಳಿದೆಲ್ಲ ವಿಷಯ ಪಾಸಾಗಿದೆ, ಕಾಸ್ಟ್ ಅಕೌಂಟಿಂಗ್ ಮಾತ್ರ ಎರಡು ಸಲ ಹೋಯಿತು. ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಮಾಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಮನೆಗೆ ಬಂದು ಅದೇ ಲೆಕ್ಕ ಹಿಡಿದರೆ ಮೊದಲ ಸಾಲೇ ತೋಚುವುದಿಲ್ಲ. ಪುಸ್ತಕದಲ್ಲಿ ಕೊಟ್ಟಿರುವ ಉತ್ತರ ನೋಡಿ, ಅದು ಬರುವವರೆಗೆ ಕೂಡಿ ಕಳೆದು ಏನೋ ಮಾಡುತ್ತೇನೆ. ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಅಪ್ಪ ಮನೆ ಹತ್ತಿರವೇ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ಬಾಡಿಗೆ 22,000. ಇಬ್ಬರು ಆಪರೇಟರ್‌ಗಳಿಗೆ ತಲಾ 18,000. ಬುಷ್ ಎಂಬ ಸಣ್ಣ ಲೋಹದ ಭಾಗ ಒಂದಕ್ಕೆ 35 ರೂಪಾಯಿ, ಮೆಟೀರಿಯಲ್ ಪಾರ್ಟಿಯದೇ. ಬಿಲ್ಲಿನ ದುಡ್ಡು ಬರುವುದು ಮೂರು ತಿಂಗಳಿಗೆ. ಕೆಲಸ ಇದ್ದೇ ಇದೆ, ಆದರೆ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಮೊನ್ನೆ ಪೀಣ್ಯ ಕಡೆಯ ಹೊಸ ಪಾರ್ಟಿಯೊಬ್ಬರು 600 ಪೀಸಿಗೆ ತಲಾ 26 ರೂಪಾಯಿ ಕೊಡುತ್ತೇವೆ ಅಂದರಂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಬಿಕಾಂ ಓದ್ತಿದೀಯಲ್ಲಮ್ಮ, ಇದನ್ನ ತಗೋಬೇಕಾ ಬಿಡ್ಬೇಕಾ ಹೇಳು" ಎಂದರು. ನನಗೆ ಹೇಳಲು ಬರಲಿಲ್ಲ. ಅವರು ಏನೂ ಅನ್ನಲಿಲ್ಲ, ತಟ್ಟೆ ತೆಗೆದುಕೊಂಡು ಎದ್ದುಹೋದರು. ಆಮೇಲೆ ನನಗೆ ಸರಿಯಾಗಿ ನಿದ್ದೆಯೇ ಬಂದಿಲ್ಲ. ಗೆಳತಿಯರು ಟ್ಯೂಷನ್ ಸೇರಿದ್ದಾರೆ. ಮನೆಯಲ್ಲಿ ಫೀಸು ಕೇಳಲು ನನಗೆ ಬಾಯಿ ಬರುತ್ತಿಲ್ಲ. ಪರೀಕ್ಷೆಗೆ ಇನ್ನು ನಲವತ್ತು ದಿನ ಇದೆ. ನಾನು ದಡ್ಡಿನಾ, ಮೇಡಂ?

— ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಮಗಳೇ, ನಿನ್ನ ವಯಸ್ಸಿನವರಿಗೇ ವರ್ಷಗಟ್ಟಲೆ ಕಾಮರ್ಸ್ ಪಾಠ ಹೇಳಿದವಳು ನಾನು. ಏಕವಚನದಲ್ಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡ.

ನೀನು ದಡ್ಡಿಯಲ್ಲ. ನಿನ್ನ ಕಾಗದವನ್ನೇ ಇನ್ನೊಂದು ಸಲ ಓದಿನೋಡು. ಬಾಡಿಗೆ, ಸಂಬಳ, ರೇಟು, ದುಡ್ಡು ಬರುವ ಅವಧಿ, ಹೊಸ ಆರ್ಡರಿನ ಪ್ರಮಾಣ, ಎಲ್ಲವನ್ನೂ ಕೇಳದೆಯೇ ಬರೆದಿದ್ದೀಯ. ಕಾಸ್ಟಿಂಗ್ ಲೆಕ್ಕದಲ್ಲಿ ಪ್ರಶ್ನೆ ಕೊಡುವವರು ಮಾಡುವ ಕೆಲಸ ಇದು. ಯಾವ ಅಂಕಿ ಮುಖ್ಯ ಅನ್ನುವುದು ನಿನಗೆ ಗೊತ್ತಿದೆ. ನೀನು ಎಡವುತ್ತಿರುವುದು ಬೇರೆ ಕಡೆ. ಲೆಕ್ಕ ಕಂಡ ಕೂಡಲೇ ಸೂತ್ರ ಹುಡುಕಲು ಹೊರಡುತ್ತೀಯ. ಕಾಸ್ಟಿಂಗ್‌ನಲ್ಲಿ ಸೂತ್ರ ಬರುವುದು ಕಟ್ಟಕಡೆಗೆ. ಅದಕ್ಕೆ ಮೊದಲು ಒಂದು ಜಾಗ ಕಣ್ಣಿಗೆ ಕಾಣಬೇಕು. ಅಲ್ಲಿ ಯಾರು ಏನು ಮಾಡುತ್ತಿದ್ದಾರೆ, ಯಾವ ಖರ್ಚು ಯಾತಕ್ಕೆ ಆಗುತ್ತಿದೆ ಅನ್ನುವುದು ಕಾಣಬೇಕು. ಪುಸ್ತಕದ 'ಎಕ್ಸ್ ಲಿಮಿಟೆಡ್' ಯಾರ ಕಣ್ಣಿಗೂ ಕಾಣುವುದಿಲ್ಲ. ನಿನ್ನ ಅಪ್ಪನ ಶೆಡ್ಡು ಕಾಣುತ್ತದೆ. ಅಲ್ಲಿಂದಲೇ ಶುರು ಮಾಡೋಣ. ಅಪ್ಪನ ಪ್ರಶ್ನೆಗೂ ಪರೀಕ್ಷೆಯ ಪ್ರಶ್ನೆಗೂ ಅಲ್ಲೇ ಉತ್ತರವಿದೆ.

ಕಾಮಾಕ್ಷಿಪಾಳ್ಯದ ಆ ಓಣಿಗಳನ್ನು ನಾನು ಬಲ್ಲೆ. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಕೆಳಗೆ ಶೆಡ್ಡು, ಮೇಲೆ ಮನೆ. ಬಾಗಿಲಲ್ಲಿ ಸುರುಳಿ ಸುರುಳಿ ಕಬ್ಬಿಣದ ಚೂರಿನ ಚೀಲ, ಒಳಗೆ ಕೂಲೆಂಟ್ ಎಣ್ಣೆಯ ವಾಸನೆ. ಸುಂಕದಕಟ್ಟೆಯಿಂದ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನವರೆಗೆ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಸಣ್ಣ ಭಾಗಗಳು ಇಂಥ ಶೆಡ್ಡುಗಳಲ್ಲೇ ತಯಾರಾಗುತ್ತವೆ. ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿಯುವ ಕೈಗಳು ಅಲ್ಲಿವೆ. ಆ ಕೈಗಳು ತಮ್ಮ ಕೆಲಸದ ಬೆಲೆ ಹಿಡಿಯುವುದು ಮಾತ್ರ ಬಾಯಿಮಾತಿನ ಅಂದಾಜಿನಲ್ಲಿ. "ಪಕ್ಕದ ಶೆಡ್ಡಿನವರು ಎಷ್ಟಕ್ಕೆ ಮಾಡ್ತಾರೆ?" ಅನ್ನುವುದೇ ಅಲ್ಲಿನ ರೇಟು. ನನಗೆ ಬಹಳ ಸಂಕಟ ಕೊಡುವ ಸಂಗತಿ ಇದು.

ಈಗ ಒಂದು ನೋಟ್‌ಬುಕ್ ತೆಗೆದುಕೋ. ನೀನು ಕೊಟ್ಟ ಅಂಕಿಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ, ಕೊಡದೇ ಇರುವುದನ್ನು ಅಂದಾಜು ಹಾಕಿದ್ದೇನೆ. ಅಲ್ಲೆಲ್ಲ ನಿಮ್ಮ ಮನೆಯ ನಿಜವಾದ ಅಂಕಿ ಹಾಕಿಕೋ.

ಒಂದು ತಿಂಗಳಲ್ಲಿ ಒಂದೇ ಒಂದು ಬುಷ್ ಕೂಡ ಆಗಲಿಲ್ಲ ಅಂದುಕೋ. ಆಗಲೂ ಕೊಡಲೇಬೇಕಾದದ್ದು ಯಾವುದು? ಬಾಡಿಗೆ 22,000. ಆಪರೇಟರ್‌ಗಳ ಸಂಬಳ 36,000. ಬೆಸ್ಕಾಂ ಬಿಲ್ಲಿನಲ್ಲಿ ಮಷೀನ್ ಓಡಿಸದಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕ, 3,000 ಅನ್ನೋಣ. ಫೋನು, ಟೀ, ಲೆಕ್ಕ ಬರೆಯುವವರ ಫೀಸು ಸೇರಿ 4,000. ಆಮೇಲೆ ಸವಕಳಿ. ಎರಡೂ ಲೇತ್ ಸೇರಿ 7,20,000ಕ್ಕೆ ತಂದದ್ದು, ಹತ್ತು ವರ್ಷ ಬಾಳುತ್ತವೆ, ಕೊನೆಗೆ ಮಾರಿದರೆ 1,20,000 ಬರುತ್ತದೆ ಎಂದಿಟ್ಟುಕೊಂಡರೆ ಸವೆಯುವ ಬೆಲೆ 6,00,000. ವರ್ಷಕ್ಕೆ 60,000, ತಿಂಗಳಿಗೆ 5,000. ಒಟ್ಟು ಕೂಡಿದರೆ 70,000.

ಈ ಪಟ್ಟಿಯಲ್ಲಿ ಒಬ್ಬರ ಹೆಸರಿಲ್ಲ. ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿ, ಸೆಟ್ಟಿಂಗ್ ಮಾಡಿಕೊಟ್ಟು, ಟೂಲ್ ಗ್ರೈಂಡ್ ಮಾಡಿ, ಡೆಲಿವರಿ ಚಲನ್ ಬರೆದು, ಸ್ಕೂಟರಿನಲ್ಲಿ ಮಾಲು ತಲುಪಿಸಿ ರಾತ್ರಿ ಮನೆಗೆ ಬರುವವರ ಹೆಸರು. ನಿಮ್ಮ ಅಪ್ಪನಿಗೆ ಸಂಬಳ ಎಲ್ಲಿದೆ? ಇದೇ ಕೆಲಸವನ್ನು ಬೇರೆ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿ ಮಾಡಿದರೆ ಅವರಿಗೆ ಕಡಿಮೆಯೆಂದರೂ 30,000 ಸಿಗುತ್ತದೆ ಎಂದಿಟ್ಟುಕೋ. ಅದನ್ನು ಬರೆ. ಈಗ ಮೊತ್ತ 1,00,000.

ಇಲ್ಲಿ ಸ್ವಲ್ಪ ನಿಲ್ಲು. ಪಠ್ಯದಲ್ಲಿ 'ನೋಷನಲ್ ಕಾಸ್ಟ್' ಎಂದು ಒಂದು ಮಾತು ಬರುತ್ತದಲ್ಲ? ಕೈಯಿಂದ ದುಡ್ಡು ಹೋಗುವುದಿಲ್ಲ, ಆದರೂ ಖರ್ಚೆಂದು ಎಣಿಸಬೇಕಾದದ್ದು. ಅಪ್ಪನ ಆ 30,000 ಅದೇ. ಹಣಕಾಸಿನ ಲೆಕ್ಕಪುಸ್ತಕದಲ್ಲಿ ಅದು ಇರುವುದಿಲ್ಲ, ಕಾಸ್ಟ್ ಲೆಕ್ಕದಲ್ಲಿ ಇರಬಹುದು. ಹಾಗೇ ಬ್ಯಾಂಕ್ ಸಾಲದ ಬಡ್ಡಿ ಹಣಕಾಸಿನ ಪುಸ್ತಕದಲ್ಲಿ ಇರುತ್ತದೆ, ಕಾಸ್ಟ್ ಶೀಟಿನಲ್ಲಿ ಇರುವುದಿಲ್ಲ. ಅದಕ್ಕೇ ಎರಡು ಪುಸ್ತಕಗಳ ಲಾಭ ಒಂದೇ ಆಗಿ ಬರುವುದಿಲ್ಲ. ಎರಡನ್ನೂ ತಾಳೆ ನೋಡುವುದಕ್ಕೆ ಇಟ್ಟ ಹೆಸರು ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್. ಉತ್ತರಪತ್ರಿಕೆ ತಿದ್ದುವಾಗ ನಾನು ನೋಡಿದ ಹಾಗೆ, ಈ ಲೆಕ್ಕದಲ್ಲಿ ಹುಡುಗ ಹುಡುಗಿಯರು ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂದು ಬಾಯಿಪಾಠ ಮಾಡಿ ಅದಲುಬದಲು ಮಾಡುತ್ತಾರೆ. ಬಾಯಿಪಾಠ ಬೇಡ. ಒಂದು ಪುಸ್ತಕದಲ್ಲಿ ಅಪ್ಪನಿಗೆ ಸಂಬಳ ಉಂಟು, ಇನ್ನೊಂದರಲ್ಲಿ ಇಲ್ಲ. ಇಷ್ಟು ನೆನಪಿದ್ದರೆ ಯಾವ ಲಾಭ ದೊಡ್ಡದಾಗಿ ಕಾಣುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇನ್ನು ಪೀಸು ಆದರೆ ಮಾತ್ರ ಆಗುವ ಖರ್ಚು. ಓಡಿದಷ್ಟು ಕರೆಂಟಿನ ಯೂನಿಟ್ಟು, ಸವೆಯುವ ಇನ್ಸರ್ಟು, ಕೂಲೆಂಟು. ಗಂಟೆಗೆ 60 ರೂಪಾಯಿ ಅನ್ನೋಣ. ಬುಷ್ ಒಂದಕ್ಕೆ ಆರು ನಿಮಿಷ ಹಿಡಿದರೆ ಗಂಟೆಗೆ ಹತ್ತು ಬುಷ್, ಪೀಸಿಗೆ 6 ರೂಪಾಯಿ. 35ರಲ್ಲಿ 6 ಕಳೆದರೆ 29. ಕಾಂಟ್ರಿಬ್ಯೂಷನ್ ಅಂದರೆ ಇದೇ. ಈ 29 ಲಾಭವಲ್ಲ. ಆ ಒಂದು ಲಕ್ಷದ ಹೊರೆಗೆ ಪ್ರತಿಯೊಂದು ಬುಷ್ಷೂ ಕೊಡುವ ಹೆಗಲು.

ಬೆಸ್ಕಾಂ ಬಿಲ್ಲನ್ನು ನಾನು ಎರಡು ಕಡೆ ಹಂಚಿದ್ದನ್ನು ಗಮನಿಸಿದೆಯಾ? ನಿಗದಿತ ಶುಲ್ಕ ಒಂದು ಕಡೆ, ಯೂನಿಟ್ ಶುಲ್ಕ ಇನ್ನೊಂದು ಕಡೆ. 'ಸೆಮಿ ವೇರಿಯಬಲ್' ಎಂದು ಪುಸ್ತಕ ಅರ್ಧ ಪುಟ ವಿವರಿಸುವುದು ನಿಮ್ಮ ಮನೆಯ ಕರೆಂಟ್ ಬಿಲ್ಲಿನ ಬೆನ್ನಲ್ಲೇ ಇದೆ.

ಇನ್ನೊಂದು ಕಡೆ ನೀನು ಖಂಡಿತ ಎಡವಿರುತ್ತೀಯ. ಆಪರೇಟರ್ ಕೂಲಿ 'ಡೈರೆಕ್ಟ್', ಹಾಗಾಗಿ ಅದು 'ವೇರಿಯಬಲ್' ಎಂದು ಬರೆದಿರುತ್ತೀಯ. ಪುಸ್ತಕದ ಎಷ್ಟೋ ಲೆಕ್ಕಗಳಲ್ಲಿ ಹಾಗೇ ಇರುತ್ತದೆ, ಅಲ್ಲಿ ಪೀಸ್ ರೇಟಿನ ಕೂಲಿ. ನಿಮ್ಮ ಶೆಡ್ಡಿನಲ್ಲಿ ತಿಂಗಳ ಸಂಬಳ. ಖರ್ಚು ನೇರವಾಗಿ ಒಂದು ವಸ್ತುವಿಗೆ ಅಂಟಿಕೊಳ್ಳುತ್ತದೆಯೇ ಅನ್ನುವುದು ಒಂದು ಪ್ರಶ್ನೆ. ಉತ್ಪಾದನೆ ಏರಿಳಿದ ಹಾಗೆ ಖರ್ಚೂ ಏರಿಳಿಯುತ್ತದೆಯೇ ಅನ್ನುವುದು ಇನ್ನೊಂದು ಪ್ರಶ್ನೆ. ನಿಮ್ಮ ಆಪರೇಟರ್ ಇಡೀ ದಿನ ಬುಷ್ ಮೇಲೆಯೇ ಕೂತರೆ ಅವರ ಸಂಬಳ ನೇರ ವೆಚ್ಚವೂ ಹೌದು, ಸ್ಥಿರ ವೆಚ್ಚವೂ ಹೌದು. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡು ಕಾಸ್ಟಿಂಗ್‌ನಲ್ಲಿ ಅಂಕ ಕಳೆದುಕೊಂಡವರು ಲೆಕ್ಕವಿಲ್ಲದಷ್ಟು. ಬಿಡುವಾದಾಗ ಒಂದು ಹಾಳೆಯಲ್ಲಿ ನಾಲ್ಕು ಮನೆ ಗೀಚಿ, ಶೆಡ್ಡಿನ ಪ್ರತಿ ಖರ್ಚನ್ನೂ ಎರಡೂ ಪ್ರಶ್ನೆ ಕೇಳಿಯೇ ಅದರದರ ಮನೆಗೆ ಸೇರಿಸು. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಈಗ ಮಷೀನ್ ಗಂಟೆ. ಎರಡು ಲೇತ್, 25 ದಿನ, ದಿನಕ್ಕೆ ಎಂಟು ಗಂಟೆ. ಒಟ್ಟು 400 ಗಂಟೆ. ನಿಜವಾಗಿ ಚಕ್ ತಿರುಗಿದ್ದು ಎಷ್ಟು ಹೊತ್ತು? ಸೆಟ್ಟಿಂಗ್, ಕರೆಂಟ್ ಹೋದದ್ದು, ಮೆಟೀರಿಯಲ್ ಬರಲಿಲ್ಲವೆಂದು ಕಾದದ್ದು, ಆರ್ಡರ್ ಇಲ್ಲದ್ದು ಎಲ್ಲ ಕಳೆದು 250 ಗಂಟೆ ಉಳಿಯಿತು ಅನ್ನೋಣ. ಒಂದು ಲಕ್ಷವನ್ನು 400ರಿಂದ ಭಾಗಿಸಿದರೆ ಗಂಟೆಗೆ 250 ರೂಪಾಯಿ. 250ರಿಂದ ಭಾಗಿಸಿದರೆ 400 ರೂಪಾಯಿ. ಅದೇ ಶೆಡ್ಡು, ಅದೇ ಲೇತ್, ಅದೇ ಬಾಡಿಗೆ. ಮಷೀನು ಸುಮ್ಮನೆ ನಿಂತ ಹೊತ್ತಿನ ಬೆಲೆಯನ್ನು ಓಡಿದ ಹೊತ್ತು ಹೊತ್ತುಕೊಳ್ಳಬೇಕಾಗುತ್ತದೆ.

250 ಗಂಟೆಗೆ 2,500 ಬುಷ್. ಕಾಂಟ್ರಿಬ್ಯೂಷನ್ 72,500. ಅಪ್ಪನ ಸಂಬಳ ಬಿಟ್ಟು ಎಣಿಸಿದರೆ ಖರ್ಚು 70,000, ಅಂದರೆ 2,500 ಉಳಿಯಿತು. ಸವಕಳಿಯ 5,000 ಯಾರಿಗೂ ಕೊಡುವ ದುಡ್ಡಲ್ಲ, ಹಾಗಾಗಿ ಕೈಯಲ್ಲಿ 7,500 ಇರುವ ಹಾಗೆ ಕಾಣುತ್ತದೆ. "ಏನೋ ನಡೀತಿದೆ" ಎಂದು ಅಪ್ಪ ಸಮಾಧಾನ ಪಟ್ಟುಕೊಳ್ಳುವುದು ಇಲ್ಲೇ. ಅವರ ದುಡಿಮೆಯನ್ನೂ ಎಣಿಸಿದರೆ ತಿಂಗಳಿಗೆ 27,500 ನಷ್ಟ. ಕೆಲಸ ಇದ್ದೇ ಇದೆ, ಕೈಯಲ್ಲಿ ಏನೂ ನಿಲ್ಲುತ್ತಿಲ್ಲ ಎಂದು ಬರೆದೆಯಲ್ಲ, ಅದರ ಲೆಕ್ಕರೂಪ ಇದು. ಇನ್ನು ಹತ್ತು ವರ್ಷಕ್ಕೆ ಲೇತ್ ಸವೆದುಹೋದಾಗ ಹೊಸದನ್ನು ತರಲು ಆ 5,000ಗಳನ್ನು ಎಲ್ಲೂ ಎತ್ತಿಟ್ಟಿರುವುದಿಲ್ಲ.

ಎಷ್ಟು ಬುಷ್ ಮಾಡಿದರೆ ಸರಿಹೋಗುತ್ತದೆ? ಒಂದು ಲಕ್ಷವನ್ನು 29ರಿಂದ ಭಾಗಿಸು. 3,449 ಬುಷ್, ಸುಮಾರು 345 ಗಂಟೆ. ಬ್ರೇಕ್ ಈವನ್ ಪಾಯಿಂಟ್ ಎಂದರೆ ಇಷ್ಟೇ. ಸೂತ್ರವನ್ನು ನೀನು ನೆನಪಿಸಿಕೊಳ್ಳಲಿಲ್ಲ, ಹೊರೆಯನ್ನು ಹೆಗಲಿನಿಂದ ಭಾಗಿಸಿದೆ.

ಇನ್ನು ಅಪ್ಪ ಕೇಳಿದ ಪ್ರಶ್ನೆ. 26 ರೂಪಾಯಿಯ ಆರ್ಡರ್ ತಗೋಬೇಕಾ, ಬಿಡಬೇಕಾ?

ಪೂರ್ತಿ ವೆಚ್ಚ ನೋಡಿದರೆ ಗಂಟೆಗೆ 400 ಮತ್ತು 60, ಒಟ್ಟು 460. ಪೀಸಿಗೆ 46. 46 ಬೀಳುವುದನ್ನು 26ಕ್ಕೆ ಕೊಡುವುದು ಹುಚ್ಚುತನ ಎಂದು ಕಾಣುತ್ತದೆ. ಹಾಗೆ ನೋಡಿದರೆ 35ಕ್ಕೆ ಕೊಡುತ್ತಿರುವುದೂ ಹುಚ್ಚುತನವೇ. ಆದರೆ ಪ್ರಶ್ನೆ ಅದಲ್ಲ. ಈ 600 ಪೀಸು ಒಪ್ಪಿಕೊಂಡರೆ ಹೊಸದಾಗಿ ಏನು ಖರ್ಚಾಗುತ್ತದೆ? ಬಾಡಿಗೆ ಹೆಚ್ಚುವುದಿಲ್ಲ. ಸಂಬಳ ಹೆಚ್ಚುವುದಿಲ್ಲ. 600 ಬುಷ್‌ಗೆ 60 ಗಂಟೆ ಬೇಕು, ನಿಮ್ಮಲ್ಲಿ 150 ಗಂಟೆ ಸುಮ್ಮನೆ ಬಿದ್ದಿದೆ. ಹೆಚ್ಚುವುದು ಪೀಸಿಗೆ 6 ರೂಪಾಯಿ ಮಾತ್ರ. 20 ಉಳಿಯುತ್ತದೆ. 600 ಪೀಸಿಗೆ 12,000. ನಷ್ಟ 27,500ರಿಂದ 15,500ಕ್ಕೆ ಇಳಿಯುತ್ತದೆ. ತಗೊಳ್ಳಲಿ.

ಆದರೆ ಒಂದು ಎಚ್ಚರಿಕೆಯನ್ನು ಅಪ್ಪನಿಗೆ ಒತ್ತಿ ಹೇಳು. 26 ಖಾಲಿ ಗಂಟೆಯ ರೇಟೇ ಹೊರತು ಶೆಡ್ಡಿನ ರೇಟಲ್ಲ. ಈ ಸುದ್ದಿ ಹಳೆಯ ಪಾರ್ಟಿಗೆ ಹೋಗಿ ಅವರೂ 26 ಅಂದರೆ? ಪೀಸಿಗೆ 20 ಕಾಂಟ್ರಿಬ್ಯೂಷನ್. ಒಂದು ಲಕ್ಷ ಹೊರಲು 5,000 ಬುಷ್ ಬೇಕು, 500 ಗಂಟೆ. ನಿಮ್ಮಲ್ಲಿರುವುದೇ 400. ಹಗಲಿಡೀ ಒಂದು ನಿಮಿಷವೂ ನಿಲ್ಲಿಸದೆ ಮಷೀನ್ ಓಡಿಸಿದರೂ 20,000 ನಷ್ಟ. ಇದು ಸರಿಪಡಿಸಲಾಗದ ರೇಟು. ಹಾಗಾಗಿ ಹೊಸ ಆರ್ಡರನ್ನು ಬೇರೆ ಕೆಲಸವೆಂದೇ ಇಟ್ಟುಕೊಂಡು, ಇಷ್ಟೇ ಪೀಸಿಗೆ, ಈ ತಿಂಗಳಿಗೆ ಎಂದು ಕಾಗದದಲ್ಲಿ ಬರೆಸಿಕೊಳ್ಳಲಿ. ಖಾಲಿ ಗಂಟೆಗೆ 35 ಕೊಡುವವರು ಸಿಕ್ಕ ದಿನ 26ರವರನ್ನು ಬಿಡಲಿ.

ಪರೀಕ್ಷೆಯಲ್ಲಿ ಈ ಲೆಕ್ಕ ರಫ್ತು ಆರ್ಡರ್, ಸ್ಪೆಷಲ್ ಆರ್ಡರ್, ಮಾರ್ಜಿನಲ್ ಕಾಸ್ಟಿಂಗ್ ಎಂದೆಲ್ಲ ವೇಷ ಹಾಕಿಕೊಂಡು ಬರುತ್ತದೆ. ನೀನು ಕೇಳಬೇಕಾದದ್ದು ಎರಡೇ: ಒಪ್ಪಿಕೊಂಡರೆ ಹೊಸದಾಗಿ ಏನು ಬದಲಾಗುತ್ತದೆ? ಖಾಲಿ ಜಾಗ ಇದೆಯೇ?

ಸಣ್ಣ ಶೆಡ್ಡಿನವರಿಗೆ ಮಾತ್ರ ಬಂದ ಸಂಕಟ ಇದಲ್ಲ. ಇಂಗ್ಲೆಂಡಿನಲ್ಲಿ ಜೋಸಯ್ಯ ವೆಜ್‌ವುಡ್ ಎಂಬ ದೊಡ್ಡ ಕುಂಬಾರಿಕೆ ಉದ್ಯಮಿಯಿದ್ದ. ಅರಮನೆಗಳಿಗೆ ಪಿಂಗಾಣಿ ಸಾಮಾನು ಕೊಡುತ್ತಿದ್ದವನು. 1772ರಲ್ಲಿ ಅಲ್ಲಿ ಹಣಕಾಸಿನ ಬಿಕ್ಕಟ್ಟು ಬಂದು ವ್ಯಾಪಾರ ಕುಸಿದಾಗ ಅವನೂ ಪುಸ್ತಕ ಬಿಚ್ಚಿ ಕೂತ. ಬಾಡಿಗೆ, ಅಚ್ಚುಗಳ ಖರ್ಚು, ಗುಮಾಸ್ತರ ಸಂಬಳ ಇವೆಲ್ಲ ಪಾತ್ರೆ ಹೆಚ್ಚಾದರೂ ಕಡಿಮೆಯಾದರೂ ಅಷ್ಟೇ ಇರುತ್ತವೆ, ಹೆಚ್ಚು ಪಾತ್ರೆ ಮಾಡಿದರೆ ಪ್ರತಿಯೊಂದರ ಮೇಲೂ ಅವುಗಳ ಭಾರ ಕಡಿಮೆ ಬೀಳುತ್ತದೆ ಎಂಬುದನ್ನು ಆಗ ಕಂಡುಕೊಂಡ. ಅಷ್ಟು ವರ್ಷ ಯಶಸ್ವಿಯಾಗಿ ವ್ಯಾಪಾರ ಮಾಡಿದವನಿಗೆ ಕಷ್ಟ ಬಂದ ಮೇಲೆ ಹೊಳೆದದ್ದು ನಿನ್ನ ಅಪ್ಪನಿಗೆ ಇನ್ನೂ ಹೊಳೆದಿಲ್ಲವೆಂದರೆ ಅದು ಅವರ ತಪ್ಪಲ್ಲ.

ಮೂರು ತಿಂಗಳಿಗೆ ದುಡ್ಡು ಬರುತ್ತದೆ ಎಂದಿದ್ದೀಯ. ನನಗೆ ಹೆಚ್ಚು ಚಿಂತೆಯಾದದ್ದು ಅದೇ ಸಾಲಿಗೆ. ತಿಂಗಳ ಬಿಲ್ಲು 2,500 ಬುಷ್‌ಗೆ 87,500. ಮೂರು ತಿಂಗಳದ್ದು ಸೇರಿ ಯಾವಾಗಲೂ 2,62,500 ಪಾರ್ಟಿಯ ಬಳಿ ನಿಂತಿರುತ್ತದೆ. ಅಷ್ಟನ್ನು ಅಪ್ಪ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಗೆ ತಂದು ನಡೆಸುತ್ತಿದ್ದರೆ ತಿಂಗಳಿಗೆ ಹತ್ತಿರ ಹತ್ತಿರ 3,940 ಬಡ್ಡಿ. ಬುಷ್ ಒಂದಕ್ಕೆ ಒಂದೂವರೆ ರೂಪಾಯಿಗೂ ಹೆಚ್ಚು. ಕಾಸ್ಟ್ ಶೀಟಿನಲ್ಲಿ ಇದು ಬರುವುದಿಲ್ಲ, ಮನೆಯ ಅಕ್ಕಿ ಡಬ್ಬದಲ್ಲಿ ಬರುತ್ತದೆ. ವರ್ಕಿಂಗ್ ಕ್ಯಾಪಿಟಲ್ ಅಧ್ಯಾಯ ಓದುವಾಗ ಈ ಅಂಕಿಯನ್ನು ಎದುರಿಗೆ ಇಟ್ಟುಕೋ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಸುಮ್ಮನಿರಬೇಕಾಗಿಲ್ಲ. ಸಣ್ಣ ಉದ್ದಿಮೆಗಳಿಗಾಗಿಯೇ 2006ರ ಎಂಎಸ್‌ಎಂಇಡಿ ಕಾಯ್ದೆ ಇದೆ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಅದಕ್ಕೆ ಮೊದಲು ಉದ್ಯಮ್ ನೋಂದಣಿ ಬೇಕು. 2020ರ ಜುಲೈಯಿಂದ ಅದು ಆನ್‌ಲೈನಿನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ನಾಳೆಯೇ ಪಾರ್ಟಿಯ ಮೇಲೆ ದೂರು ಕೊಡಿ ಎಂದು ನಾನು ಹೇಳುತ್ತಿಲ್ಲ. ಇರುವ ಒಬ್ಬ ಗಿರಾಕಿಯನ್ನು ಕಳೆದುಕೊಳ್ಳುವ ಭಯ ನನಗೆ ಅರ್ಥವಾಗುತ್ತದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ '45 ದಿನ' ಎಂಬುದನ್ನೂ ಅಚ್ಚು ಹಾಕಿಸಿ. 2023-24ರ ಹಣಕಾಸು ವರ್ಷದಿಂದ ಇನ್ನೊಂದು ನಿಯಮವೂ ಬಂದಿದೆ. ಆ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ಕೊಡುವ ವರ್ಷದವರೆಗೆ, ಪಾರ್ಟಿಯವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಅದು ಅವರ ಅಕೌಂಟೆಂಟರಿಗೆ ಗೊತ್ತಿರುತ್ತದೆ. ನಿಮ್ಮ ಬಿಲ್ಲು ಕಂಡರೆ ನೆನಪೂ ಆಗುತ್ತದೆ.

ಕನ್ನಡ ಮಾಧ್ಯಮದ ಮಾತು ಎತ್ತಿದ್ದೀಯ. ಅದಕ್ಕೆ ತಲೆ ತಗ್ಗಿಸಬೇಡ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ ಲೆಕ್ಕಕ್ಕೆ ದೊಡ್ಡ ಜಾಗವಿದೆ. ಕೊಡು ಕೊಳ್ಳುವ ಲೆಕ್ಕ ನಮ್ಮ ನೆಲಕ್ಕೂ ನಮ್ಮ ಭಾಷೆಗೂ ಹೊಸದಲ್ಲ. ನಿನಗೆ ಅಡ್ಡ ಬರುತ್ತಿರುವುದು ಲೆಕ್ಕವಲ್ಲ, ಹತ್ತಿಪ್ಪತ್ತು ಇಂಗ್ಲಿಷ್ ಪದಗಳು. ಅವುಗಳಿಗೆ ನಿನ್ನದೇ ಅರ್ಥ ಬರೆದುಕೋ. ಒಂದನೇ ಲೇತಿನ ರಿಪೇರಿ ಖರ್ಚನ್ನು ಪೂರ್ತಿ ಆ ಲೇತಿಗೇ ಒಪ್ಪಿಸುವುದು ಅಲೊಕೇಷನ್. ಬಾಡಿಗೆಯನ್ನು ಎರಡೂ ಲೇತ್ ಹಿಡಿದ ಜಾಗದ ಅಳತೆಯಲ್ಲಿ ಹಂಚುವುದು ಅಪೋರ್ಷನ್‌ಮೆಂಟ್. ಹಾಗೆ ಬಂದ ಖರ್ಚನ್ನು ಗಂಟೆಯ ಲೆಕ್ಕದಲ್ಲಿ ಒಂದೊಂದೇ ಬುಷ್ ಹೀರಿಕೊಳ್ಳುವುದು ಅಬ್ಸಾರ್ಪ್ಷನ್. ವರ್ಷದ ಮೊದಲೇ ಅಂದಾಜು ಮಾಡಿದ ದರದಲ್ಲಿ ಹೀರಿಸಿದರೆ, ವರ್ಷದ ಕೊನೆಗೆ ನಿಜ ಖರ್ಚಿಗಿಂತ ಕಡಿಮೆ ಹೀರಿದ್ದು ಅಂಡರ್, ಹೆಚ್ಚು ಹೀರಿದ್ದು ಓವರ್.

ಕಾಸ್ಟ್ ಶೀಟಿನಲ್ಲಿ ಆರಂಭದ ಮತ್ತು ಕೊನೆಯ ದಾಸ್ತಾನುಗಳು ತಲೆ ಕೆಡಿಸುತ್ತವೆ. ನಿಮ್ಮದು ಜಾಬ್ ವರ್ಕ್ ಆದ್ದರಿಂದ ಅದಕ್ಕೆ ಶೆಡ್ಡು ಒಳ್ಳೆಯ ಉದಾಹರಣೆಯಾಗುವುದಿಲ್ಲ. ಬಸವೇಶ್ವರನಗರದಲ್ಲಿ ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಮಾರುವವರ ಅಡುಗೆಮನೆಗೆ ಹೋಗು. ಡಬ್ಬದಲ್ಲಿರುವ ಅಕ್ಕಿ, ಉದ್ದು ಕಚ್ಚಾ ಸಾಮಗ್ರಿ. ರುಬ್ಬಿ ಹುದುಗಲು ಇಟ್ಟ ಕೊಳಗ ವರ್ಕ್ ಇನ್ ಪ್ರೋಗ್ರೆಸ್. ಫ್ರಿಜ್ಜಿನಲ್ಲಿರುವ ಪ್ಯಾಕೆಟ್ಟು ತಯಾರಾದ ಮಾಲು. ಅಕ್ಕಿಯ ದಾಸ್ತಾನು ಅಕ್ಕಿಯ ಸಾಲಿನಲ್ಲೇ ಕೂಡಿ ಕಳೆಯಬೇಕು. ಕೊಳಗದ ಹಿಟ್ಟಿಗೆ ಆಗಲೇ ಕರೆಂಟೂ ಕೂಲಿಯೂ ಸೇರಿರುವುದರಿಂದ ಅದು ಫ್ಯಾಕ್ಟರಿ ಖರ್ಚು ಸೇರಿದ ಮೇಲೆ. ಪ್ಯಾಕೆಟ್ಟು ಉತ್ಪಾದನಾ ವೆಚ್ಚ ಪೂರ್ತಿಯಾದ ಮೇಲೆ, ಮಾರಾಟದ ಖರ್ಚಿಗೆ ಮೊದಲು. ಯಾವ ಹಂತದಲ್ಲಿ ವಸ್ತು ನಿಂತಿದೆಯೋ ಆ ಹಂತದಲ್ಲೇ ಅದರ ಲೆಕ್ಕ.

ಟ್ಯೂಷನ್ ಈಗ ಬೇಡ. ಅಲ್ಲೂ ಬೋರ್ಡಿನ ಮೇಲೆ ಇನ್ನೊಬ್ಬರೇ ಲೆಕ್ಕ ಮಾಡುತ್ತಾರೆ, ನಿನಗೆ ಅರ್ಥವಾದ ಹಾಗೇ ಇರುತ್ತದೆ. ನಿನಗೆ ಬೇಕಿರುವುದು ಉತ್ತರ ನೋಡದೆ ಒಂಟಿಯಾಗಿ ಲೆಕ್ಕದ ಎದುರು ಕೂರುವ ಅಭ್ಯಾಸ. ದಿನಕ್ಕೆ ಎರಡು ಲೆಕ್ಕ ಸಾಕು. ಮನೆಯಲ್ಲಿ ಜಾಗವಿಲ್ಲದಿದ್ದರೆ ಹಂಪಿನಗರದ ಗ್ರಂಥಾಲಯಕ್ಕೆ ಹೋಗು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಕೂತರೆ ಹಟ ತಾನಾಗಿ ಬರುತ್ತದೆ. ಲೆಕ್ಕದ ಕೊನೆಯ ಸಾಲನ್ನು ಮೊದಲು ಓದು, ಏನು ಕೇಳಿದ್ದಾರೆ ಅನ್ನುವುದು ಅಲ್ಲಿರುತ್ತದೆ. ಆಮೇಲೆ ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಬರೆ: ಇದು ಒಂದು ಪೀಸಿನದೋ ಒಟ್ಟಿನದೋ, ತಿಂಗಳದೋ ವರ್ಷದ್ದೋ. ಆ ಪೆನ್ಸಿಲ್ ಕೆಲಸ ಮುಗಿಯುವವರೆಗೆ ಕ್ಯಾಲ್ಕುಲೇಟರ್ ಮುಟ್ಟಬೇಡ. ಉತ್ತರ ತಪ್ಪಾದರೆ ಅಳಿಸಬೇಡ. ಓದುವುದರಲ್ಲಿ ತಪ್ಪಿದೆಯೋ, ವಿಂಗಡಿಸುವುದರಲ್ಲೋ, ಕೂಡುವುದರಲ್ಲೋ ಎಂದು ಪಕ್ಕದಲ್ಲಿ ಬರೆದಿಡು. ಒಂದು ವಾರದಲ್ಲಿ ನಿನ್ನ ಕಾಯಿಲೆ ಯಾವುದೆಂದು ನಿನಗೇ ಗೊತ್ತಾಗುತ್ತದೆ. ವರ್ಕಿಂಗ್ ನೋಟ್ಸ್ ಬಿಡದೆ ಬರೆ, ಕೊನೆಯ ಅಂಕಿ ತಪ್ಪಿದರೂ ಅದಕ್ಕೆ ಅಂಕವಿದೆ.

ಅಪ್ಪನ ಬಳಿ ಹೇಗೆ ಹೋಗಬೇಕು ಅನ್ನುವುದನ್ನೂ ಹೇಳಬೇಕು, ಅದೇ ಹೆಚ್ಚು ನಾಜೂಕಿನ ಕೆಲಸ. "ನಿಮಗೆ ತಿಂಗಳಿಗೆ 27,500 ಲಾಸು" ಎಂದು ಮೊದಲ ದಿನವೇ ಹೇಳಬೇಡ. ಆಪರೇಟರ್‌ಗಳ ಎದುರಿಗಂತೂ ಬಾಯಿ ಬಿಡಬೇಡ. ಅವರು ಈ ಶೆಡ್ಡಿನಿಂದಲೇ ನಿನ್ನನ್ನು ಬಿ.ಕಾಂ.ವರೆಗೆ ಓದಿಸಿದವರು. "ಅಪ್ಪ, ಒಂದು ಬುಷ್‌ಗೆ ಎಷ್ಟು ನಿಮಿಷ ಹಿಡಿಯತ್ತೆ? ನಾನು ನೋಡ್ಲಾ?" ಎಂದು ಕೇಳು. ಫೋನಿನ ಗಡಿಯಾರ ಹಿಡಿದು ಹತ್ತು ಪೀಸಿನ ಹೊತ್ತು ಎಣಿಸು. ಒಂದು ಇನ್ಸರ್ಟಿನ ಮೂಲೆ ಎಷ್ಟು ಪೀಸಿಗೆ ಬರುತ್ತದೆ ಎಂದು ಅವರನ್ನೇ ಕೇಳು. ಅವರಿಗೆ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ. ಊಟದ ತಟ್ಟೆ ತೆಗೆದುಕೊಂಡು ಎದ್ದುಹೋದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ ಎಂದು ನನಗನ್ನಿಸುತ್ತದೆ. ಕೇಳಲು ಇನ್ನೊಬ್ಬರಿಲ್ಲದ ಪ್ರಶ್ನೆಯನ್ನು ಅವರು ನಿನ್ನ ಮುಂದೆ ಇಟ್ಟಿದ್ದರು.

ನಿದ್ದೆ ಬರುತ್ತಿಲ್ಲ ಎಂದಿದ್ದೀಯ. ಇನ್ನೂ ಒಂದೆರಡು ವಾರ ಹಾಗೇ ಇದ್ದರೆ, ಅಥವಾ ಮನಸ್ಸಿಗೆ ಕೆಟ್ಟ ಯೋಚನೆ ಬಂದರೆ, 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಪೇಪರ್ ಹೋದದ್ದನ್ನು ಮನೆಯವರಿಂದ ಮುಚ್ಚಿಟ್ಟು ಒಬ್ಬಳೇ ನರಳಬೇಡ.

ನಲವತ್ತು ದಿನದಲ್ಲಿ ಮೊದಲ ಐದು ದಿನ ಪುಸ್ತಕ ಮುಚ್ಚಿಟ್ಟು ಶೆಡ್ಡಿಗೆ ಹೋಗು. ಆ ಬುಷ್‌ನ ಕಾಸ್ಟ್ ಶೀಟನ್ನು ನಿಜವಾದ ಅಂಕಿ ಹಾಕಿ, ಅಪ್ಪನ ಸಂಬಳವನ್ನೂ ಸೇರಿಸಿ ಬರೆ. ಮೊತ್ತ ತಪ್ಪಿದ್ದರೂ ಚಿಂತೆಯಿಲ್ಲ, ಪೆನ್ಸಿಲಿನ ಗುರುತುಗಳ ಸಮೇತ ನನಗೆ ಕಳಿಸು. ತಿದ್ದಿ ವಾಪಸ್ ಕಳಿಸುತ್ತೇನೆ.